ಉದ್ಯೋಗಾನ್ವೇಷಣೆಯಲ್ಲಿ ಬಿನ್ನಪದ ಬಗೆ

ಇಂದಿನ ತರುಣರು ಉದ್ಯೋಗವನ್ನರಸಿ ಹೊರಟಾಗ ಮೊದಲು ಬರೆಯುವುದು ಅರ್ಜಿ. ಈ ಶಬ್ದವು ಅರಬ್ಬೀ ಮೂಲದ್ದು. ಪಾರಸಿಯ ಮೂಲಕ ನಮ್ಮ ಕಚೇರಿಗಳಿಗೆ ಬಂದು ನೆಲೆಸಿತು. ಅದಕ್ಕೆ ಸಲ್ಲುವ ನಮ್ಮ ಹಳೆಯ ಮಾತು ‘ಬಿನ್ನಪ’. ಇದು ಸಂಸ್ಕೃತದ ‘ವಿಜ್ಞಾಪನ’ದ ತದ್ಭವ. ವಿಜ್ಞಾಪನವೆಂದರೆ ತಿಳಿಯಪಡಿಸುವುದು, ಅಂಗಲಾಚುವುದಲ್ಲ. ಉದ್ಯೋಗಾರ್ಥಿಗಳಲ್ಲಿ ಬಹುಮಂದಿ ಈ ಭೇದವನ್ನರಿಯದೆ, ತಿಳಿಸಬೇಕಾದುದನ್ನು ಬಿಟ್ಟು ಬೇಡುವುದನ್ನೇ ಮುಂದು ಮಾಡುತ್ತಾರೆ. ಓದಿನಲ್ಲಿ ಹಿಂದೆ ಬೀಳದ ಮಕ್ಕಳು ಉದ್ಯೋಗದಲ್ಲಿ ಹಿಂದೆ ಬೀಳುವುದಕ್ಕೆ ಇದೂ ಒಂದು ಕಾರಣವೆಂದು ನನ್ನ ಭಾವನೆ.

ಹಳೆಯ ವಿದ್ಯಾರ್ಥಿಗಳು ತಮ್ಮ ಅರ್ಜಿಗಳನ್ನು ತಿದ್ದಿಸಿಕೊಳ್ಳಲು ನನ್ನ ಬಳಿಗೆ ತರುವುದುಂಟು. ‘ನಾನು ಬಡ ಕುಟುಂಬದವನು, ಪ್ರಾಮಾಣಿಕನು, ಕಷ್ಟಪಟ್ಟು ದುಡಿಯುವವನು, ತಾವು ಕೃಪೆಯಿಟ್ಟು ಈ ಹುದ್ದೆಯನ್ನು ದಯಪಾಲಿಸಬೇಕು’ ಎಂಬುದೇ ಅವುಗಳಲ್ಲಿ ಬಹುಪಾಲು ಒಕ್ಕಣೆ. ಬಡತನವು ನಿಜವಿರಬಹುದು, ಪ್ರಾಮಾಣಿಕತೆಯೂ ನಿಜವಿರಬಹುದು. ಆದರೆ ಅದನ್ನು ಓದುವವರಿಗೆ ತಿಳಿದುದೇನು? ಪತ್ತಿನ ಸಹಕಾರ ಸಂಘವೊಂದರ ಗುಮಾಸ್ತೆಯ ಕೆಲಸಕ್ಕೆ ಬರೆಯುವವನು, ‘ಎರಡು ವರ್ಷ ಕಿರಾಣಿ ಅಂಗಡಿಯಲ್ಲಿ ದಿನದ ಜಮಾ-ಖರ್ಚು ಬರೆದಿದ್ದೇನೆ, ಗಣಕಯಂತ್ರದಲ್ಲಿ ಕನ್ನಡ, ಇಂಗ್ಲಿಷ್ ಎರಡರಲ್ಲಿಯೂ ಬೆರಳಚ್ಚು ಬಲ್ಲೆ’ ಎಂದು ಬರೆದರೆ ಎರಡು ವಾಕ್ಯಗಳಲ್ಲಿ ಅವನ ಯೋಗ್ಯತೆ ಕಣ್ಣಿಗೆ ಕಟ್ಟುತ್ತದೆ. ವಿಶೇಷಣಗಳು ಕಾವ್ಯಕ್ಕೆ ಶೋಭೆ. ಅರ್ಜಿಯಲ್ಲಿ ದುಡಿಯಬೇಕಾದುದು ಕ್ರಿಯಾಪದ. ಏನು ಮಾಡಿದೆ, ಎಲ್ಲಿ ಮಾಡಿದೆ, ಎಷ್ಟು ಕಾಲ ಮಾಡಿದೆ ಎಂಬ ಮೂರಕ್ಕೂ ಉತ್ತರವಿರುವ ವಾಕ್ಯವೇ ಉತ್ತಮವಾದುದು. ಹೊಲದ ಕೆಲಸ, ಪ್ರಸಾದ ನಿಲಯದಲ್ಲಿ ನೂರಾರು ಮಂದಿಗೆ ಬಡಿಸಿದ ವ್ಯವಸ್ಥೆ, ಶಾಲೆಯ ಪುಸ್ತಕ ಭಂಡಾರದ ಲೆಕ್ಕ, ಇವನ್ನೆಲ್ಲ ಹೇಳಲು ನಮ್ಮ ಮಕ್ಕಳು ನಾಚುತ್ತಾರೆ. ನಾಚಬೇಕಾದ ಕಾರಣವಿಲ್ಲ. ಹತ್ತು ಸಂಸ್ಥೆಗಳಿಗೆ ಒಂದೇ ಪ್ರತಿಯನ್ನು ಕಳುಹಿಸುವ ಅಭ್ಯಾಸವನ್ನೂ ಬಿಡತಕ್ಕದ್ದು. ಪ್ರಕಟಣೆಯನ್ನು ಎರಡು ಬಾರಿ ಓದಿ, ಅವರು ಕೇಳಿದುದಕ್ಕೆ ಅನುಗುಣವಾಗಿ ಬರೆಯಬೇಕು. ಸಂದರ್ಶನದಲ್ಲಿ ಹಿರಿಯರು ಅದೇ ಹಾಳೆಯನ್ನು ಮುಂದಿಟ್ಟುಕೊಂಡು ಪ್ರಶ್ನಿಸುವರಾದ್ದರಿಂದ, ಬಾಯಿಂದ ವಿವರಿಸಲಾಗದ ಯಾವುದನ್ನೂ ಅದರಲ್ಲಿ ಸೇರಿಸಕೂಡದು.

ಇನ್ನು ಸರ್ಕಾರಿ ಹುದ್ದೆಗಳ ವಿಷಯ. ಇಲ್ಲಿ ಒಕ್ಕಣೆಗಿಂತ ದಾಖಲೆಯೇ ಮಾತನಾಡುತ್ತದೆ. ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿ ‘ಬಸವಪ್ಪ’ನಾದವನು ಆಧಾರ್ ಚೀಟಿಯಲ್ಲಿ ‘ಬಸಪ್ಪ’ನಾಗಿರುತ್ತಾನೆ, ಒಂದರಲ್ಲಿ ತಂದೆಯ ಹೆಸರಿನ ಮೊದಲಕ್ಷರ ಮುಂದೆ, ಇನ್ನೊಂದರಲ್ಲಿ ಮನೆತನದ ಹೆಸರು ಹಿಂದೆ. ಅಕ್ಷರ ಲೋಪಕ್ಕೆ ವ್ಯಾಕರಣದಲ್ಲಿ ಅವಕಾಶವುಂಟು. ದಾಖಲೆ ಪರಿಶೀಲಿಸುವವರಲ್ಲಿ ಇಲ್ಲ. ಜನ್ಮದಿನಾಂಕದ ವಿಷಯವಂತೂ ಇನ್ನೂ ಬಿಗಿಯಾದುದು. ರಾಜ್ಯ ಸರ್ಕಾರಿ ನೌಕರರು ಸೇವೆಗೆ ಸೇರಿದ ಮೇಲೆ ಅದನ್ನು ಬದಲಿಸಿಕೊಳ್ಳುವುದಕ್ಕೆ 1974ರ ಅಧಿನಿಯಮವೊಂದು ಕಟ್ಟುನಿಟ್ಟಾದ ಮಿತಿಯನ್ನು ಹಾಕಿದೆ.

ನಮ್ಮಂತಹ ಶಾಲೆಗಳ ಮಕ್ಕಳಿಗೆ ಸಲ್ಲುವ ಅನುಕೂಲಗಳೂ ಇವೆ. ರಾಜ್ಯದ ನೇರ ನೇಮಕಾತಿಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇಕಡಾ 5, ಗ್ರಾಮೀಣ ಅಭ್ಯರ್ಥಿಗಳಿಗೆ ಶೇಕಡಾ 25ರ ಮೀಸಲು ಇದೆ. ಎರಡಕ್ಕೂ ಒಂದರಿಂದ ಹತ್ತನೆಯ ತರಗತಿಯವರೆಗಿನ ವ್ಯಾಸಂಗವೇ ಆಧಾರ. ಆ ಪ್ರಮಾಣಪತ್ರಕ್ಕೆ ಮುಖ್ಯೋಪಾಧ್ಯಾಯರ ಸಹಿ ಬೇಕು. ಕಲ್ಯಾಣ ಕರ್ನಾಟಕದವರಿಗೆ, 2012ರ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ 371(ಜೆ) ವಿಧಿಯ ಮೇರೆಗೆ, ಸ್ಥಳೀಯ ವೃಂದದಲ್ಲಿ ‘ಸಿ’ ಗುಂಪಿನ ಶೇಕಡಾ 80, ‘ಡಿ’ ಗುಂಪಿನ ಶೇಕಡಾ 85 ಹುದ್ದೆಗಳು ಮೀಸಲು. ಆದರೆ ಇವೆಲ್ಲವನ್ನೂ ಅರ್ಜಿಯಲ್ಲಿಯೇ ಕೋರಬೇಕು, ಪತ್ರಗಳು ಕೈಯಲ್ಲಿರಬೇಕು. ಕೊನೆಯ ದಿನಾಂಕಕ್ಕೆ ಮೂರು ದಿನವಿರುವಾಗ ಐದಾರು ಶಾಲೆಗಳ ಬಾಗಿಲು ತಟ್ಟುವವರ ಪಾಡು ಯಾರಿಗೂ ಬೇಡ. ಊರೂರು ತಿರುಗಿ ಓದಿದವರು, ಮದುವೆಯಾಗಿ ದೂರ ಹೋದ ಹೆಣ್ಣುಮಕ್ಕಳು ಈ ವಿಷಯದಲ್ಲಿ ವಿಶೇಷವಾಗಿ ತೊಂದರೆಪಡುತ್ತಾರೆ. ಶಿಕ್ಷಕ ಬಂಧುಗಳು ಇಂಥವರನ್ನು ‘ನಾಳೆ ಬಾ’ ಎನ್ನಕೂಡದು.

ಅರ್ಹತೆಯೂ ದಾಖಲೆಯೂ ಇದ್ದು, ಹುದ್ದೆಯ ಸುದ್ದಿಯೇ ತಲುಪದಿದ್ದರೆ? ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಪ್ರಕಟಿಸಿದ ಲೇಖನವೊಂದು ಇಲ್ಲಿ ಸ್ಮರಣೀಯ. ಬಾಸ್ಟನ್ ನಗರದ ಬಳಿ ಪರಿಚಿತರ ಮೂಲಕ ಕೆಲಸ ಪಡೆದವರನ್ನು ಆತ ವಿಚಾರಿಸಿದಾಗ, ಹತ್ತರಲ್ಲಿ ಎಂಟಕ್ಕೂ ಹೆಚ್ಚು ಮಂದಿಗೆ ಸುದ್ದಿ ತಂದವರು ಆಪ್ತರಲ್ಲ, ಆಗೊಮ್ಮೆ ಈಗೊಮ್ಮೆ ಕಾಣುವವರು ಎಂದು ತಿಳಿದುಬಂತು. ಕಾರಣ ಸರಳ: ಮನೆಯವರಿಗೂ ಗೆಳೆಯರಿಗೂ ಗೊತ್ತಿರುವುದು ನಮಗೂ ಗೊತ್ತಿರುತ್ತದೆ; ಹೊಸ ಸುದ್ದಿ ಹೊರಗಿನಿಂದಲೇ ಬರಬೇಕು. ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳ ಕಾನ್‌ಸ್ಟೆಬಲ್ ಪರೀಕ್ಷೆಯನ್ನು 2024ರಿಂದ ಕನ್ನಡದಲ್ಲಿಯೂ ಬರೆಯಬಹುದು. ನಮ್ಮ ಸುತ್ತಣ ಹಳ್ಳಿಗಳಲ್ಲಿ ಇದನ್ನು ಬಲ್ಲವರೆಷ್ಟು? ಈ ಶಾಲೆಯಲ್ಲಿ ಕಲಿತು ಬೆಂಗಳೂರು, ಪುಣೆ, ಸೊಲ್ಲಾಪುರಗಳಲ್ಲಿ ನೆಲೆಸಿದವರು ಶಿಫಾರಸು ಮಾಡಬೇಕೆಂದು ನಾನು ಕೇಳುವುದಿಲ್ಲ. ತಮ್ಮ ಸಂಸ್ಥೆಯಲ್ಲಿ ಯಾವ ಸ್ಥಾನ ತೆರವಾಗಿದೆ, ಅದಕ್ಕೆ ಏನು ಬಲ್ಲವನು ಬೇಕು ಎಂದು ಶಾಲೆಗೆ ಒಂದು ಪತ್ರ ಬರೆದರೆ ಸಾಕು.

ಶಿಫಾರಸಿನ ಮಾತು ಬಂದುದರಿಂದ ಹಣದ ಮಾತನ್ನೂ ಹೇಳಿಬಿಡುವೆನು. ಹೊಲವನ್ನು ಮಾರಿಯಾದರೂ ಮಧ್ಯವರ್ತಿಗೆ ಕೊಡುವ ತಂದೆತಾಯಂದಿರಿದ್ದಾರೆ. 2021ರ ಅಕ್ಟೋಬರಿನಲ್ಲಿ 545 ಪೊಲೀಸ್ ಸಬ್‌ಇನ್‌ಸ್ಪೆಕ್ಟರ್ ಹುದ್ದೆಗಳಿಗೆ ನಡೆದ ಪರೀಕ್ಷೆ ಅಕ್ರಮದಿಂದಾಗಿ 2022ರಲ್ಲಿ ರದ್ದಾಯಿತು. ಮರುಪರೀಕ್ಷೆ ನಡೆದುದು 2024ರ ಜನವರಿಯಲ್ಲಿ. ನಿಜವಾಗಿ ಓದಿ ಬರೆದವರು ಎರಡು ವರ್ಷಕ್ಕೂ ಮೇಲ್ಪಟ್ಟು ಕಾಯಬೇಕಾಯಿತು.

ದಾನಿಗಳು ಉಪಕಾರ ಮಾಡಬಯಸಿದರೆ ದಾರಿಗಳಿವೆ. ಅರ್ಜಿಯ ಶುಲ್ಕ, ಪರೀಕ್ಷಾ ಕೇಂದ್ರಕ್ಕೆ ಹೋಗಿಬರುವ ಬಸ್ಸಿನ ಖರ್ಚು, ಒಂದು ರಾತ್ರಿಯ ವಸತಿ, ಇವಿಲ್ಲದೆಯೇ ಎಷ್ಟೋ ಮಕ್ಕಳು ಪ್ರಯತ್ನವನ್ನು ಕೈಬಿಡುತ್ತಾರೆ. ಶಾಲೆಯ ಮಟ್ಟದಲ್ಲಿ ನನ್ನದೊಂದು ಸೂಚನೆಯಿದೆ. ಪ್ರತಿವರ್ಷವೂ ಹತ್ತನೆಯ ತರಗತಿಯ ಹೆಸರುಗಳನ್ನು ಪರೀಕ್ಷಾ ಮಂಡಲಿಗೆ ನೋಂದಾಯಿಸುವ ಮುನ್ನ ಒಂದು ದಿನ ಪಾಲಕರನ್ನು ಕರೆಸಿ, ಪ್ರತಿಯೊಬ್ಬರ ಹೆಸರು, ತಂದೆತಾಯಿಗಳ ಹೆಸರು, ಜನ್ಮದಿನಾಂಕಗಳನ್ನು ಗಟ್ಟಿಯಾಗಿ ಓದಿ ಹೇಳಿ, ಆಧಾರ್ ಚೀಟಿಯೊಡನೆ ತಾಳೆ ನೋಡಿ, ತಪ್ಪಿದ್ದಲ್ಲಿ ನಿಯಮಾನುಸಾರ ಅಂದೇ ತಿದ್ದುಪಡಿಗೆ ಬರೆಸಿ ಸಹಿ ಪಡೆಯಬೇಕು. ಅಕ್ಷರ ಬಾರದ ಪಾಲಕರೂ ಕಿವಿಯಿಂದ ತಪ್ಪನ್ನು ಹಿಡಿಯಬಲ್ಲರು. ಅದೇ ದಿನ ಮಧ್ಯಾಹ್ನ ಕನ್ನಡದ ತರಗತಿಯಲ್ಲಿ ಪ್ರತಿ ವಿದ್ಯಾರ್ಥಿಯೂ ಒಂದು ಪುಟದ ಬಿನ್ನಪವನ್ನು ಬರೆಯಲಿ. ತಿದ್ದುವ ಹೊಣೆ ನಮ್ಮದು.