ಬೆಳಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಬೆಳಗ್ಗೆ

ಅಕ್ಕಂದಿರೇ, ಯಲಹಂಕ ಸುತ್ತಿನ ಹಾಲಿನ ಸಂಘಗಳಿಗೆ ಹೋದಾಗಲೆಲ್ಲ ಕೇಳುವ ಮಾತು: "ಡಾಕ್ಟ್ರೇ, ಮೂರು ಸಲ ಇಂಜೆಕ್ಷನ್ ಮಾಡಿಸಿದರೂ ಹಸು ಗಬ್ಬ ನಿಲ್ಲಲಿಲ್ಲ."

ಎಷ್ಟೋ ಸಲ ತಪ್ಪುವುದು ಹೊತ್ತು. ನಮ್ಮ ಹೆಸರಘಟ್ಟದಲ್ಲೇ ಕೇಂದ್ರ ಸರ್ಕಾರದ ಘನೀಕೃತ ವೀರ್ಯ ಸಂಸ್ಥೆಯಿದೆ. ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ವರ್ಷಗಟ್ಟಲೆ ಉಳಿಯುವ ವೀರ್ಯ, ಹಸುವಿನ ಗರ್ಭಕೋಶದಲ್ಲಿ ಬದುಕುವುದು ಸುಮಾರು ಒಂದು ದಿನ ಮಾತ್ರ. ಅಂಡ ಬಿಡುಗಡೆಯಾಗುವುದು ಬೆದೆ ಮುಗಿದ 10–14 ಗಂಟೆಗಳ ನಂತರ. ಅದಕ್ಕೇ ಬೆಳಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮಾರನೆಯ ಬೆಳಗ್ಗೆ ಕೃತಕ ಗರ್ಭಧಾರಣೆ ಮಾಡಿಸಿ. ತಪ್ಪಿದರೆ ಮತ್ತೆ 21 ದಿನ ಕಾಯಬೇಕು. ಮೇವಿನ ಖರ್ಚು ಮಾತ್ರ ನಿಲ್ಲದು.

ಕೂಗುವುದು, ಮೇವು ಬಿಡುವುದು, ಹಾಲು ಇಳಿಯುವುದು, ಗಾಜಿನಂತೆ ತಿಳಿಯಾದ ಲೋಳೆ ಇವು ಬೆದೆಯ ಗುರುತು. ಬೇರೆ ಹಸು ಮೇಲೇರಿದಾಗ ಸುಮ್ಮನೆ ನಿಲ್ಲುವುದು ಖಚಿತ ಗುರುತು. ಒಂದೇ ಹಸುವಿರುವ ಮನೆಯಲ್ಲಿ ಅದು ಸಿಗದು. ಬೆಳಗಿನ ಜಾವ, ಮಲಗುವ ಮುನ್ನ ಬಾಲದ ಬುಡ ನೋಡಿ.

ಕರು ಹಾಕಿ ಎರಡು ತಿಂಗಳಾದರೂ ಬೆದೆಗೆ ಬಾರದಿದ್ದರೆ ವೈದ್ಯರಿಗೆ ತೋರಿಸಿ, ಗೋದಲಿಯನ್ನೂ ನೋಡಿ. ಬರೀ ರಾಗಿ ಹುಲ್ಲು ಸಾಲದು, ಹಸಿ ಮೇವೂ ಬೇಕು. ಹಸುವಿನ ಮೈಗೆಂದು 1.5–2 ಕೆ.ಜಿ. ಪಶು ಆಹಾರ, ಮೇಲೆ ಪ್ರತಿ 2.5 ಲೀಟರ್ ಹಾಲಿಗೆ 1 ಕೆ.ಜಿ., ದಿನಕ್ಕೆ 50 ಗ್ರಾಂ ಖನಿಜ ಮಿಶ್ರಣ ಕೊಡಿ.

ಇಂಜೆಕ್ಷನ್ ಮಾಡಿಸಿದ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. 21ನೆಯ ದಿನದ ಆಸುಪಾಸಿನಲ್ಲಿ ಮತ್ತೆ ಗಮನಿಸಿ. ಬೆದೆ ಕಾಣದಿದ್ದರೂ ಮೂರು ತಿಂಗಳಿಗೆ ಗಬ್ಬ ಪರೀಕ್ಷೆ ಮಾಡಿಸಿ. ನಾವು ಕರೆದಾಗ ಬರುವವರು. ದಿನಕ್ಕೆರಡು ಸಲ ಹಸುವಿನ ಪಕ್ಕ ಕೂರುವವರು ನೀವು. ಬೆದೆ ಮೊದಲು ಕಾಣಬೇಕಾದ್ದು ನಿಮ್ಮ ಕಣ್ಣಿಗೇ.