ಮೋಟಾರು ಸೈಕಲ್ಲಿನ ಪೆಟ್ರೋಲ್ ಹದ: ಯಾವ ಪದ್ಧತಿ ಯಾರಿಗೆ?



ರೋಣ, ನರಗುಂದ, ಗಜೇಂದ್ರಗಡ ಭಾಗದ ಹಳ್ಳಿಗಳಲ್ಲಿ ಎತ್ತಿನ ಜೋಡಿ ಇಲ್ಲದ ಮನೆ ಸಿಕ್ಕೀತು, ಮೋಟಾರು ಸೈಕಲ್ಲು ಇಲ್ಲದ ಮನೆ ಸಿಗುವುದು ಕಷ್ಟ. ಬೀಜದ ಚೀಲ, ಹಾಲಿನ ಕ್ಯಾನು, ಸಿಂಪರಣೆಯ ಪಂಪು, ದವಾಖಾನೆಗೆ ಹೊರಟ ಮುದುಕರು, ಎಲ್ಲಕ್ಕೂ ಅದೇ ವಾಹನ. 2020ರ ಏಪ್ರಿಲ್ 1ರಿಂದ ಬಿ.ಎಸ್.-6 ನಿಯಮ ಬಂದ ಮೇಲೆ ಮಾರಾಟವಾದ ಗಾಡಿಗಳಲ್ಲಿ ಬಹುಪಾಲಿಗೆ ಕಾರ್ಬುರೇಟರ್ ಹೋಗಿ ಫ್ಯೂಯೆಲ್ ಇಂಜೆಕ್ಷನ್ ಬಂದಿದೆ. ನಮ್ಮಲ್ಲಿ ಎಲ್ಲೆಡೆ ಕಾಣುವ ಸ್ಪ್ಲೆಂಡರ್ ಕೂಡ ಹಾಗೆಯೇ. ಹಿಂದೆ ಗಾಡಿ ಎಳೆಯದಿದ್ದರೆ ಮೆಕ್ಯಾನಿಕನು ಸ್ಕ್ರೂ ಅರ್ಧ ಸುತ್ತು ತಿರುಗಿಸಿ ಹದ ಮಾಡಿಕೊಡುತ್ತಿದ್ದನು. ಈಗ ಪೆಟ್ರೋಲಿನ ಹದಕ್ಕೆ ತಿರುಗಿಸುವ ಸ್ಕ್ರೂ ಇಲ್ಲ. ಆದುದರಿಂದ ಟ್ಯೂನಿಂಗ್ ಮಾಡಿಸಬೇಕೇ, ಮಾಡಿಸಿದರೆ ಯಾವ ರೀತಿಯದು ಎಂದು ತಾವು ಕೇಳುವಿರಿ. ತರುಣರಂತೂ ಮೆಣಸಿನಕಾಯಿ ಮಾರಿದ ಹಣವನ್ನು ಇದಕ್ಕೆ ಹಾಕಲು ಹೊರಟಿದ್ದಾರೆ. ಹಣ ಕೊಡುವ ಮೊದಲು ಇದರ ಕೆಲಸ ತಿಳಿದಿರುವುದು ಲೇಸು.

ಕೂರಿಗೆ ಬಿತ್ತನೆಯನ್ನು ನೆನೆಯಿರಿ. ಬಟ್ಟಲಿಗೆ ಬೀಜ ಬಿಡುವ ಹೆಣ್ಣುಮಗಳು ಎತ್ತಿನ ನಡಿಗೆ ನೋಡಿ ಮುಷ್ಟಿ ಸಡಿಲಿಸುತ್ತಾಳೆ, ಬಿಗಿ ಮಾಡುತ್ತಾಳೆ. ಇಂಜೆಕ್ಷನ್ ಗಾಡಿಯಲ್ಲಿ ಇ.ಸಿ.ಯು. ಎಂಬ ಸಣ್ಣ ಪೆಟ್ಟಿಗೆ ಇದೇ ಕೆಲಸ ಮಾಡುತ್ತದೆ. ಎಂಜಿನ್ನಿನ ವೇಗ, ಒಳಹೋಗುವ ಗಾಳಿ, ಶಾಖ ಇವನ್ನು ಸೆನ್ಸರುಗಳಿಂದ ತಿಳಿದುಕೊಂಡು ಇಂಜೆಕ್ಟರನ್ನು ಎಷ್ಟು ಹೊತ್ತು ತೆರೆಯಬೇಕೆಂದು ತನ್ನ ಕೋಷ್ಟಕ ನೋಡಿ ನಿರ್ಧರಿಸುತ್ತದೆ. ಗಾಡಿ ನಿಂತಲ್ಲೇ ನಿಮಿಷಕ್ಕೆ 1500 ಸುತ್ತು ತಿರುಗುತ್ತಿದ್ದರೆ ಇಂಜೆಕ್ಟರ್ ನಿಮಿಷಕ್ಕೆ 750 ಸಲ ತೆರೆದು ಮುಚ್ಚುತ್ತದೆ. ಶುದ್ಧ ಪೆಟ್ರೋಲು ಪೂರ್ತಿ ಉರಿಯಲು ಒಂದು ಪಾಲಿಗೆ ತೂಕದಲ್ಲಿ 14.7 ಪಾಲು ಗಾಳಿ ಬೇಕು. ಸೈಲೆನ್ಸರ್ ಕೊಳವೆಯಲ್ಲಿರುವ ಆಮ್ಲಜನಕ ಸೆನ್ಸರು ಹೊಗೆಯನ್ನು ನೋಡಿ ‘ಹೆಚ್ಚಾಯಿತು, ಕಡಿಮೆಯಾಯಿತು’ ಎಂದು ಸುದ್ದಿ ಕೊಡುತ್ತಿರುತ್ತದೆ. ಪೆಟ್ಟಿಗೆ ತಾನೇ ತಿದ್ದಿಕೊಳ್ಳುತ್ತದೆ. ಸಾಧಾರಣ ಓಡಾಟದಲ್ಲಿ ಈ ತಿದ್ದುಪಡಿ ನಡೆಯುತ್ತಲೇ ಇರುವುದು. ಆದರೆ ಆಕ್ಸಿಲರೇಟರನ್ನು ಪೂರಾ ಹಿಂಡಿದಾಗ ಪೆಟ್ಟಿಗೆ ಸೆನ್ಸರಿನ ಮಾತು ಬಿಟ್ಟು ಕೋಷ್ಟಕದಂತೆಯೇ ನಡೆಯುತ್ತದೆ. ಈ ಒಂದು ಮಾತು ನೆನಪಿರಲಿ, ಮುಂದಿನದೆಲ್ಲ ಇದರ ಮೇಲೆ ನಿಂತಿದೆ.

ಕಂಪನಿಯಿಂದ ಬಂದಂತೆಯೇ ಇರುವ ಗಾಡಿಗೆ ಯಾವ ಟ್ಯೂನಿಂಗೂ ಬೇಡ. ಎಳೆತ ತಗ್ಗಿದ್ದರೆ ಕಾರಣ ಬೇರೆಡೆ ಇದೆ. ನಮ್ಮ ಎರೆ ಮಣ್ಣಿನ ಧೂಳು ಏರ್ ಫಿಲ್ಟರನ್ನು ಕಟ್ಟಿಬಿಡುತ್ತದೆ. ಬೇಸಿಗೆಯಲ್ಲಿ ಹೊಲದ ದಾರಿ ಓಡಾಡುವವರು ಪುಸ್ತಕದಲ್ಲಿ ಬರೆದ ಅವಧಿಗಿಂತ ಮೊದಲೇ ಅದನ್ನು ನೋಡತಕ್ಕದ್ದು. ಬ್ಯಾಟರಿ ಸೊರಗಿದರೆ ಪಂಪೂ ಇಂಜೆಕ್ಟರೂ ಸೊರಗುತ್ತವೆ. ಟ್ಯಾಂಕನ್ನು ಪ್ರತಿಸಲ ತಳ ಕಾಣುವವರೆಗೆ ಓಡಿಸಬೇಡಿರಿ, ಒಳಗಿನ ಪಂಪನ್ನು ತಂಪಾಗಿಡುವುದು ಆ ಪೆಟ್ರೋಲೇ. ಮೀಟರಿನಲ್ಲಿ ಎಂಜಿನ್ ಗುರುತಿನ ದೀಪ ಹತ್ತಿಯೇ ಇದ್ದರೆ ಸ್ಕ್ಯಾನರಿನಿಂದ ದೋಷದ ಸಂಖ್ಯೆ ಓದಿಸಬೇಕು. ಮಣ್ಣು ಪರೀಕ್ಷೆ ಇಲ್ಲದೆ ಗೊಬ್ಬರ ಸುರಿಯಬೇಡಿರೆಂದು ನಾವು ಹೇಳುವುದಿಲ್ಲವೆ? ಇದೂ ಹಾಗೆಯೇ.

ಮೈಲೇಜು ಬಿತ್ತೆಂಬ ದೂರಿಗೆ ಇನ್ನೊಂದು ಕಾರಣವೂ ಉಂಟು. 2025ರಿಂದ ಬಂಕುಗಳಲ್ಲಿ ನೂರಕ್ಕೆ 20 ಪಾಲು ಎಥನಾಲ್ ಬೆರೆತ ಪೆಟ್ರೋಲು ಸಾಮಾನ್ಯವಾಗಿದೆ. (ನಾವು ಬೆಳೆವ ಗೋವಿನಜೋಳದಿಂದಲೂ ಎಥನಾಲ್ ತಯಾರಾಗುತ್ತದೆ, ಬೆಲೆ ಸಿಕ್ಕರೆ ನಮಗೂ ಸಂತೋಷವೇ.) ಲೀಟರಿಗೆ ಲೀಟರು ಹೋಲಿಸಿದರೆ ಎಥನಾಲಿನ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೆಯ ಒಂದು ಪಾಲು ಕಡಿಮೆ. ಹೀಗಾಗಿ ಬೆರಕೆಯ ಒಂದು ಲೀಟರಿನಲ್ಲಿ ನೂರಕ್ಕೆ 6–7ರಷ್ಟು ಶಕ್ತಿ ಕಡಿಮೆ ಇರುತ್ತದೆ. ಇಲ್ಲದ ಶಕ್ತಿಯನ್ನು ಯಾವ ಟ್ಯೂನಿಂಗೂ ತುಂಬಿಕೊಡಲಾರದು. ಎಥನಾಲು ನೀರನ್ನು ಎಳೆದುಕೊಳ್ಳುತ್ತದೆ. ನೀರು ಹೆಚ್ಚಾದರೆ ಬೇರ್ಪಟ್ಟು ತಳಕ್ಕೆ ಇಳಿಯುತ್ತದೆ, ಪಂಪು ಹೀರುವುದೂ ತಳದಿಂದಲೇ. ಆದ್ದರಿಂದ ಮಳೆಯಲ್ಲಿ ನಿಲ್ಲುವ ಗಾಡಿಯ ಟ್ಯಾಂಕಿನ ಮುಚ್ಚಳ ಭದ್ರವಾಗಿರಲಿ.

ಇನ್ನು ಸೈಲೆನ್ಸರನ್ನೂ ಏರ್ ಫಿಲ್ಟರನ್ನೂ ಬದಲಾಯಿಸಿದವರ ಮಾತು. ಅಲ್ಲಿ ಗಾಳಿ ಹೆಚ್ಚು ಹರಿಯುತ್ತದೆ. ಮೆಲ್ಲಗೆ ಓಡಿಸುವಾಗ ಸೆನ್ಸರು ಸರಿಪಡಿಸುತ್ತದೆ, ಪೂರಾ ಹಿಂಡಿದಾಗ ಮಾತ್ರ ಪೆಟ್ರೋಲು ಸಾಲದೆ ಎಂಜಿನ್ನು ಕಾಯುತ್ತದೆ. ಅಂಥವರಿಗೆ ಮೂರು ದಾರಿಗಳನ್ನು ಹೇಳುವವರಿದ್ದಾರೆ.

ಅಗ್ಗದ್ದೆಂದರೆ ಶಾಖದ ಸೆನ್ಸರಿಗೆ ಸಿಕ್ಕಿಸುವ ಪುಟ್ಟ ‘ಚಿಪ್ಪು’. ಗಾಳಿ ತಣ್ಣಗಿದೆ ಎಂದು ಪೆಟ್ಟಿಗೆಗೆ ಸುಳ್ಳು ಹೇಳಿ ಪೆಟ್ರೋಲು ಹೆಚ್ಚು ಬಿಡಿಸುವುದಷ್ಟೇ ಅದರ ಕೆಲಸ. ಸಾಧಾರಣ ಓಡಾಟದಲ್ಲಿ ಆಮ್ಲಜನಕ ಸೆನ್ಸರು ಆ ಸುಳ್ಳನ್ನು ತಿದ್ದಿಬಿಡುತ್ತದೆ. ಇದಕ್ಕೆ ಹಣ ಹಾಕಬಾರದೆಂದು ನನ್ನ ಸ್ಪಷ್ಟ ಅಭಿಪ್ರಾಯ. ಎರಡನೆಯದು ಪಿಗ್ಗಿಬ್ಯಾಕ್: ಕಂಪನಿಯ ಪೆಟ್ಟಿಗೆಗೂ ಇಂಜೆಕ್ಟರಿಗೂ ನಡುವೆ ಕೂರುವ ಇನ್ನೊಂದು ಪೆಟ್ಟಿಗೆ. ಬೀಜ ಬಿಡುವವಳ ಮೊಳಕೈ ಹಿಡಿದು ಮುಷ್ಟಿಯ ಅಳತೆ ಬದಲಿಸಿದಂತೆ. ಬೆಂಗಳೂರಿನ ರೇಸ್ ಡೈನಮಿಕ್ಸ್ ಸಂಸ್ಥೆಯ ಪವರ್‌ಟ್ರಾನಿಕ್ ಇಂಥದು. ಬೇಡವಾದರೆ ಬಿಚ್ಚಿ ಮೊದಲಿನಂತೆ ಮಾಡಬಹುದೆಂಬುದು ಇದರ ದೊಡ್ಡ ಗುಣ. ಮೂರನೆಯದು ರೀಮ್ಯಾಪ್: ಪೆಟ್ಟಿಗೆಯೊಳಗಿನ ಕೋಷ್ಟಕವನ್ನೇ ಅಳಿಸಿ ಹೊಸದು ಬರೆಯುವುದು. ಪೆಟ್ರೋಲಿನ ಜೊತೆಗೆ ಕಿಡಿಯ ಸಮಯವನ್ನೂ ಬದಲಿಸಬಹುದಾದ್ದರಿಂದ ಚೆನ್ನಾಗಿ ಮಾಡಿದರೆ ಫಲ ಹೆಚ್ಚು, ಕೆಟ್ಟರೆ ಎಂಜಿನ್ನಿಗೇ ಪೆಟ್ಟು. ಡೈನೋ ಎಂಬ ಉರುಳೆ ಯಂತ್ರದ ಮೇಲೆ ಗಾಡಿ ಓಡಿಸಿ ಅಳತೆ ಮಾಡದೆ ಬರೆದ ಕೋಷ್ಟಕ ಬರೀ ಅಂದಾಜು.

ಇವುಗಳಿಂದ ಕಂಪನಿಯ ವಾರಂಟಿಗೆ ತೊಡಕಾಗಬಹುದು. ಕಾನೂನೂ ಇದೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯ 182-ಎ ಕಲಮಿನಂತೆ, ಅನುಮತಿಯಿಲ್ಲದ ಮಾರ್ಪಾಡು ಮಾಡಿದ ಮಾಲೀಕನಿಗೆ ಒಂದೊಂದು ಮಾರ್ಪಾಡಿಗೆ 5,000 ರೂ. ದಂಡ, ಇಲ್ಲವೆ ಆರು ತಿಂಗಳವರೆಗೆ ಸೆರೆವಾಸ, ಅಥವಾ ಎರಡೂ ಆಗಬಹುದು. ಊರು ಎಬ್ಬಿಸುವ ಸೈಲೆನ್ಸರ್ ಹಾಕಿದವನಿಗೆ ಸದ್ದಿನ ದಂಡವೂ ಬೇರೆ. ಹಳೆಯ ಸೈಲೆನ್ಸರನ್ನು ಮತ್ತೆ ಜೋಡಿಸಿಬಿಡುವುದೇ ಎಲ್ಲಕ್ಕಿಂತ ಅಗ್ಗದ ಟ್ಯೂನಿಂಗ್ ಎಂದು ನಾನು ತರುಣರಿಗೆ ಹೇಳುತ್ತೇನೆ. ನಗುತ್ತಾರೆ, ನಗಲಿ.

ಸ್ಪರ್ಧೆಯ ಕಣದಲ್ಲಿ ಓಡಿಸುವ ಹವ್ಯಾಸವಿದ್ದು ರೀಮ್ಯಾಪನ್ನೇ ಮಾಡಿಸುವವರು ಇದ್ದರೆ, ಕೆಲಸಕ್ಕೆ ಮುಂಚೆ ಮೂಲ ಕೋಷ್ಟಕದ ಪ್ರತಿಯನ್ನು ತೆಗೆಸಿ ತಮ್ಮ ಹತ್ತಿರ ಇಟ್ಟುಕೊಳ್ಳಬೇಕು. ಮೊದಲಿನ ಮತ್ತು ನಂತರದ ಡೈನೋ ಅಳತೆಯ ಕಾಗದವನ್ನೂ ಕೇಳಿ ಪಡೆಯಬೇಕು. ಕಾಗದ ಕೊಡಲು ಹಿಂದೆಮುಂದೆ ನೋಡುವ ಅಂಗಡಿಯಿಂದ ಗಾಡಿಯನ್ನು ಹಾಗೆಯೇ ಮನೆಗೆ ತನ್ನಿರಿ.