ಮಗಳ ವಿದೇಶದ ಓದಿಗೆ ಪೂರ್ಣ ವಿದ್ಯಾರ್ಥಿವೇತನ: ಹಸು ಮಾರುವ ಮುನ್ನ ತಿಳಿಯಬೇಕಾದ ಸಂಗತಿಗಳು



ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ ಭಾಗದ ನಮ್ಮ ಸಂಘಗಳಲ್ಲಿ ಹಾಲು ಹಾಕುವ ಎಷ್ಟೋ ತಾಯಂದಿರ ಹೆಣ್ಣುಮಕ್ಕಳು ಇಂದು ಪದವಿ ಓದುತ್ತಿದ್ದಾರೆ. "ಮುಂದೆ ವಿದೇಶದಲ್ಲಿ ಓದುತ್ತೇನೆ" ಎಂದು ಮಗಳು ಹೇಳಿದಾಗ ಮನೆಯಲ್ಲಿ ಮೊದಲು ಬರುವ ಮಾತು ದುಡ್ಡಿನದು. ಹೊಲ ಅಡ ಇಡಬೇಕೇ, ಕರೆಯುವ ಹಸು ಮಾರಬೇಕೇ ಎಂಬ ಲೆಕ್ಕ ಶುರುವಾಗುತ್ತದೆ. ಅದಕ್ಕೂ ಮುಂಚೆ ಒಂದು ವಿಷಯ ತಿಳಿದಿರಲಿ. ಪೂರ್ಣ ವಿದ್ಯಾರ್ಥಿವೇತನ ಸಿಕ್ಕರೆ ಓದಿನ ಖರ್ಚಿಗೆ ನೀವು ಏನನ್ನೂ ಮಾರಬೇಕಿಲ್ಲ. ಆದರೆ ಅದು ಅದೃಷ್ಟದಿಂದ ಬರುವುದಿಲ್ಲ, ಏಜೆಂಟರಿಂದಲೂ ಬರುವುದಿಲ್ಲ. ಎರಡು ಮೂರು ವರ್ಷ ಮೊದಲೇ ಮಾಡಿಕೊಂಡ ತಯಾರಿಯಿಂದ ಬರುತ್ತದೆ.

ನಮ್ಮ ಹಾಲಿಗೂ ಇದಕ್ಕೂ ಇರುವ ನಂಟು

ಡಾ. ವರ್ಗೀಸ್ ಕುರಿಯನ್ ಅವರ ಹೆಸರು ನಿಮಗೆ ಹೊಸದಲ್ಲ. ಸರ್ಕಾರ ಕೊಟ್ಟ ವಿದ್ಯಾರ್ಥಿವೇತನದ ಮೇಲೆಯೇ ಅವರು ಅಮೆರಿಕದ ಮಿಷಿಗನ್‌ಗೆ ಹೋಗಿ ಓದಿದರು. ಓದಿ ಬಂದವರು ಸರ್ಕಾರಕ್ಕೆ ಕೆಲಸ ಮಾಡಿಕೊಡಬೇಕು ಎಂಬ ಬಾಂಡ್ ಇತ್ತು. ಆ ಬಾಂಡ್ ಪ್ರಕಾರವೇ 1949ರಲ್ಲಿ ಅವರನ್ನು ಗುಜರಾತಿನ ಆನಂದ್‌ಗೆ ಕಳಿಸಲಾಯಿತು. ಇವತ್ತು ನಿಮ್ಮ ಊರಿನ ಸಂಘದಲ್ಲಿ ಹಾಲು ಅಳೆದು, ಫ್ಯಾಟ್ ನೋಡಿ, ಬಟವಾಡೆ ಕೊಡುವ ಪದ್ಧತಿಯ ಬೇರು ಇರುವುದು ಅಲ್ಲಿಯೇ.

ಅದೇ ಕಾಲದಲ್ಲಿ ಕನ್ನಡದ ಹೆಣ್ಣುಮಗಳೊಬ್ಬರೂ ಇದೇ ದಾರಿ ಹಿಡಿದರು. ಅವರು ರಾಜೇಶ್ವರಿ ಚಟರ್ಜಿ, ಹುಟ್ಟಿದ್ದು 1922ರಲ್ಲಿ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತದಲ್ಲಿ ಎಂ.ಎಸ್ಸಿ. ಮುಗಿಸಿ, 1943ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಸೇರಿದರು. 1946ರಲ್ಲಿ ಸರ್ಕಾರದ ವಿದ್ಯಾರ್ಥಿವೇತನಕ್ಕೆ ಆಯ್ಕೆಯಾದರು. 1947ರಲ್ಲಿ ಹಡಗು ಹತ್ತಿ, ಸುಮಾರು ಒಂದು ತಿಂಗಳು ಸಮುದ್ರದ ಮೇಲೆ ಪ್ರಯಾಣ ಮಾಡಿ ಅಮೆರಿಕ ತಲುಪಿದರು. ಅಲ್ಲಿ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್ ಓದಿದರು. ಮುಂದೆ ಏಷ್ಯಾದ ಹೆಣ್ಣುಮಕ್ಕಳಿಗೆಂದೇ ಆ ವಿಶ್ವವಿದ್ಯಾಲಯ ಕೊಡುವ ಬಾರ್ಬೂರ್ ವಿದ್ಯಾರ್ಥಿವೇತನದ ಮೇಲೆ ಪಿಎಚ್.ಡಿ. ಮಾಡಿ, 1953ರಲ್ಲಿ ಊರಿಗೆ ಮರಳಿ, ವಿಜ್ಞಾನ ಸಂಸ್ಥೆಯಲ್ಲೇ ಪಾಠ ಹೇಳಿದರು. ಕರ್ನಾಟಕದ ಮೊದಲ ಮಹಿಳಾ ಎಂಜಿನಿಯರ್ ಎಂದು ಅವರನ್ನು ಇಂದಿಗೂ ನೆನೆಯುತ್ತಾರೆ.

ಪೂರ್ಣ ಎಂದರೆ ಏನೇನು ಸೇರಿರಬೇಕು?

ಒಂದು ವಿದ್ಯಾರ್ಥಿವೇತನವನ್ನು ಪೂರ್ಣ ಎನ್ನಬೇಕಾದರೆ ಈ ಐದೂ ಅದರಲ್ಲಿರಬೇಕು:

1. ಕಾಲೇಜಿನ ಪೂರ್ತಿ ಶುಲ್ಕ
2. ಊಟ, ವಸತಿಗೆ ಹಣ
3. ಹೋಗಿ ಬರುವ ವಿಮಾನದ ಖರ್ಚು
4. ವೀಸಾ ಶುಲ್ಕ
5. ಆರೋಗ್ಯ ವಿಮೆ

ಶುಲ್ಕದಲ್ಲಿ ಅರ್ಧ ರಿಯಾಯಿತಿ ಸಿಕ್ಕಿದರೆ ಅದನ್ನೂ ಸ್ಕಾಲರ್‌ಶಿಪ್ ಎಂದೇ ಕರೆಯುತ್ತಾರೆ. ಆದರೆ ಉಳಿದ ಅರ್ಧ ಶುಲ್ಕ, ಜತೆಗೆ ಊಟ, ಬಾಡಿಗೆ ಎಲ್ಲ ಸೇರಿ ಹತ್ತಾರು ಲಕ್ಷ ನಿಮ್ಮ ತಲೆಯ ಮೇಲೆಯೇ ಬೀಳುತ್ತದೆ. ಆದ್ದರಿಂದ ಮಗಳಿಗೆ ಪತ್ರ ಬಂದ ದಿನ ಈ ಐದನ್ನೂ ಒಂದೊಂದಾಗಿ ಓದಿಸಿ ಕೇಳಿರಿ.

ಯಾವ ಯಾವ ಯೋಜನೆಗಳಿವೆ?

ಪರಿಶಿಷ್ಟ ಜಾತಿಯ ಕುಟುಂಬಗಳಿಗೆ: ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನವಿದೆ. ನಮ್ಮ ಭಾಗದ ತಾಂಡಾಗಳ ಲಂಬಾಣಿ ಕುಟುಂಬಗಳೂ ಇದಕ್ಕೆ ಬರುತ್ತವೆ. ಇದೇ ಯೋಜನೆಯಲ್ಲಿ ಅಲೆಮಾರಿ ಸಮುದಾಯಗಳಿಗೆ, ಭೂರಹಿತ ಕೃಷಿ ಕಾರ್ಮಿಕರು ಮತ್ತು ಸಾಂಪ್ರದಾಯಿಕ ಕುಶಲಕರ್ಮಿಗಳ ಮಕ್ಕಳಿಗೂ ಕೆಲವು ಸ್ಥಾನಗಳಿವೆ. ವರ್ಷಕ್ಕೆ ಒಟ್ಟು 125 ಸ್ಥಾನ, ಅದರಲ್ಲಿ ಶೇ. 30 ಹೆಣ್ಣುಮಕ್ಕಳಿಗೆ. ಇದು ಸ್ನಾತಕೋತ್ತರ ಪದವಿ ಮತ್ತು ಪಿಎಚ್.ಡಿ.ಗೆ ಮಾತ್ರ. ಹಿಂದಿನ ಪರೀಕ್ಷೆಯಲ್ಲಿ ಶೇ. 60 ಅಂಕ, 35 ವರ್ಷದೊಳಗಿನ ವಯಸ್ಸು, ಕುಟುಂಬದ ವಾರ್ಷಿಕ ಆದಾಯ 8 ಲಕ್ಷದೊಳಗೆ ಇರಬೇಕು. ಜಗತ್ತಿನ ಮೊದಲ 500 ವಿಶ್ವವಿದ್ಯಾಲಯಗಳಲ್ಲಿ ಒಂದರಲ್ಲಿ ಸೀಟು ಸಿಕ್ಕಿರಬೇಕು. ಆಯ್ಕೆಯಾದರೆ ಶುಲ್ಕವನ್ನು ಸರ್ಕಾರವೇ ಕಟ್ಟುತ್ತದೆ. ಜೀವನ ವೆಚ್ಚಕ್ಕೆ ಅಮೆರಿಕದಂಥ ದೇಶಗಳಲ್ಲಿ ವರ್ಷಕ್ಕೆ 15,400 ಡಾಲರ್, ಬ್ರಿಟನ್‌ನಲ್ಲಿ 9,900 ಪೌಂಡ್ ಕೊಡುತ್ತದೆ.

ಪರಿಶಿಷ್ಟ ಪಂಗಡದ ಕುಟುಂಬಗಳಿಗೆ: ವಾಲ್ಮೀಕಿ ನಾಯಕ ಕುಟುಂಬಗಳು ನಮ್ಮಲ್ಲಿ ಬಹಳ. ಇವರಿಗೆ ಕೇಂದ್ರ ಬುಡಕಟ್ಟು ವ್ಯವಹಾರಗಳ ಸಚಿವಾಲಯದ ಪ್ರತ್ಯೇಕ ಯೋಜನೆಯಿದೆ. ದೇಶಕ್ಕೆಲ್ಲ ಸೇರಿ ವರ್ಷಕ್ಕೆ 20 ಸ್ಥಾನ ಮಾತ್ರ, ಹಾಗಾಗಿ ಪೈಪೋಟಿ ಹೆಚ್ಚು. ಇವೆರಡರ ಜತೆಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದ ಮಕ್ಕಳಿಗೆ ನಮ್ಮ ರಾಜ್ಯದ ಸಮಾಜ ಕಲ್ಯಾಣ ಇಲಾಖೆಯ 'ಪ್ರಬುದ್ಧ' ಯೋಜನೆಯ ಬಗ್ಗೆಯೂ ತಾಲ್ಲೂಕು ಕಚೇರಿಯಲ್ಲಿ ವಿಚಾರಿಸಿರಿ.

ಎಲ್ಲ ಕುಟುಂಬಗಳಿಗೆ: ಯುರೋಪಿನ 'ಎರಾಸ್ಮಸ್ ಮುಂಡಸ್' ಜಾತಿ ಕೇಳುವುದಿಲ್ಲ, ವಯಸ್ಸಿನ ಮಿತಿಯೂ ಇಲ್ಲ, ಪದವಿ ಇದ್ದರಾಯಿತು. ಶುಲ್ಕವಿಲ್ಲ, ತಿಂಗಳಿಗೆ 1,400 ಯೂರೋ ಸಿಗುತ್ತದೆ. ಪ್ರಯಾಣ, ವೀಸಾ ಖರ್ಚು ಇದರಲ್ಲೇ ಸೇರಿದೆ. ಹೆಚ್ಚಿನ ಕೋರ್ಸುಗಳಿಗೆ ಅಕ್ಟೋಬರ್‌ನಿಂದ ಜನವರಿಯೊಳಗೆ ಅರ್ಜಿ ಹಾಕಬೇಕು. ಬ್ರಿಟನ್ನಿನ 'ಚೀವ್ನಿಂಗ್'ಗೆ ಎರಡು ವರ್ಷ, ಅಮೆರಿಕದ 'ಫುಲ್‌ಬ್ರೈಟ್-ನೆಹರು' ಸ್ನಾತಕೋತ್ತರ ವೇತನಕ್ಕೆ ಮೂರು ವರ್ಷ ಕೆಲಸದ ಅನುಭವ ಬೇಕು. ಮಗಳು ಪದವಿ ಮುಗಿಸಿ ಕೆಲಸಕ್ಕೆ ಸೇರಿದರೆ ದಾರಿ ಮುಚ್ಚಿತು ಎಂದು ತಿಳಿಯಬೇಡಿ.

ಅಂಕ ಒಂದೇ ಸಾಲದು

ಹಾಲಿಗೆ ದರ ಕಟ್ಟುವಾಗ ಲೀಟರ್ ಒಂದನ್ನೇ ನೋಡುವುದಿಲ್ಲ, ಫ್ಯಾಟ್, ಎಸ್.ಎನ್.ಎಫ್. ಎರಡನ್ನೂ ನೋಡುತ್ತಾರೆ. ಇಲ್ಲಿಯೂ ಹಾಗೆಯೇ. ವಿದೇಶಿ ವಿಶ್ವವಿದ್ಯಾಲಯಗಳು ಅಂಕಪಟ್ಟಿಯ ಜತೆಗೆ ಒಂದು ಬರಹ ಕೇಳುತ್ತವೆ: ನೀನು ಏಕೆ ಓದಬೇಕು, ಓದಿ ಏನು ಮಾಡುತ್ತೀಯ? ಅಂತರ್ಜಾಲದಿಂದ ನಕಲು ಮಾಡಿದ ದೊಡ್ಡ ಮಾತುಗಳು ಇಲ್ಲಿ ನಡೆಯುವುದಿಲ್ಲ. ಮಗಳು ಕಣ್ಣಾರೆ ಕಂಡದ್ದೇ ಅವಳ ಬಂಡವಾಳ.

ಬೇಸಿಗೆಯ ಬಿಸಿಲಿಗೆ ಹಾಲು ಏಕೆ ಇಳಿಯುತ್ತದೆ, ಕೆಚ್ಚಲು ಬಾವು ಬಂದಾಗ ಮನೆಗೆ ಎಷ್ಟು ನಷ್ಟ, ಬಟವಾಡೆ ಹಣದಲ್ಲಿ ಅಮ್ಮ ಮನೆ ಹೇಗೆ ನಡೆಸುತ್ತಾಳೆ ಎಂಬುದನ್ನು ನಿಮ್ಮ ಮಗಳಷ್ಟು ಚೆನ್ನಾಗಿ ಯಾರು ಬರೆಯಬಲ್ಲರು? ಸಂಡೂರಿನ ಹುಡುಗಿ ಗಣಿ ಧೂಳು ಮೇವಿನ ಮೇಲೆ ಕೂರುವುದನ್ನು ಬರೆಯಲಿ. ಕಂಪ್ಲಿಯ ಹುಡುಗಿ ಕಾಲುವೆ ನೀರು ಮತ್ತು ಭತ್ತದ ಹುಲ್ಲಿನ ಬಗ್ಗೆ ಬರೆಯಲಿ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್‌ಗೇಟ್ ಕೊಚ್ಚಿಹೋದದ್ದನ್ನು ಹೊಸಪೇಟೆಯ ಎಂಜಿನಿಯರಿಂಗ್ ವಿದ್ಯಾರ್ಥಿನಿ ಬರೆಯಲಿ.

ಇಂಗ್ಲಿಷಿನ ಭಯವೂ ಬೇಡ. ಪ್ರವಾಸಿಗರೊಡನೆ ಮಾತಾಡುತ್ತಲೇ ಇಂಗ್ಲಿಷ್ ಕಲಿತ ಮಕ್ಕಳು ಹಂಪಿಯಲ್ಲಿದ್ದಾರೆ. ಆದರೆ ಮಾತು ಬೇರೆ, ಬರವಣಿಗೆ ಬೇರೆ. ಪದವಿಯ ಮೊದಲ ವರ್ಷದಿಂದಲೇ ದಿನಕ್ಕೊಂದು ಪುಟ ಬರೆಯುವ ರೂಢಿಯಾಗಲಿ. ಐಇಎಲ್‌ಟಿಎಸ್ ಪರೀಕ್ಷೆಯ ಫಲಿತಾಂಶ ಎರಡೇ ವರ್ಷ ನಡೆಯುತ್ತದೆ, ಹಾಗಾಗಿ ಅದನ್ನು ತೀರಾ ಬೇಗ ಬರೆಸಬೇಡಿ.

ಈಗಲೇ ಸರಿಮಾಡಬೇಕಾದ ಕಾಗದಗಳು

• ಹೆಸರು, ಹುಟ್ಟಿದ ದಿನಾಂಕ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್ ಎರಡರಲ್ಲೂ ಒಂದೇ ಇರಲಿ. ಒಂದರಲ್ಲಿ ಇನಿಶಿಯಲ್, ಇನ್ನೊಂದರಲ್ಲಿ ಅಪ್ಪನ ಪೂರ್ತಿ ಹೆಸರು ಇದ್ದರೆ ಮೊದಲು ತಿದ್ದಿಸಿರಿ.
• ನಂತರ ಪಾಸ್‌ಪೋರ್ಟ್ ಮಾಡಿಸಿರಿ.
• ಜಾತಿ, ಆದಾಯ ಪ್ರಮಾಣಪತ್ರಗಳನ್ನು ನಾಡಕಚೇರಿಯಿಂದ ಪಡೆಯಿರಿ.
• ಮಗಳಿಗೆ ಪಾಠ ಹೇಳಿದ ಇಬ್ಬರು ಅಧ್ಯಾಪಕರು ಶಿಫಾರಸು ಪತ್ರ ಕೊಡಬೇಕಾಗುತ್ತದೆ. ಅವರ ಸಂಪರ್ಕ ಬಿಡದಿರಲಿ.

ಮೋಸದ ಬಗ್ಗೆ ಎಚ್ಚರ

"ಐವತ್ತು ಸಾವಿರ ಕೊಡಿ, ಸ್ಕಾಲರ್‌ಶಿಪ್ ಗ್ಯಾರಂಟಿ" ಎನ್ನುವವರನ್ನು ಬಾಗಿಲಿನಿಂದಲೇ ಕಳಿಸಿರಿ. ವಿಶ್ವವಿದ್ಯಾಲಯದ ಅರ್ಜಿ ಶುಲ್ಕ, ಪರೀಕ್ಷಾ ಶುಲ್ಕ ಇರಬಹುದು. ಆದರೆ ವಿದ್ಯಾರ್ಥಿವೇತನ ಕೊಡುವವರು ಅದನ್ನು ಕೊಡಲು ನಿಮ್ಮಿಂದ ಹಣ ಕೇಳುವುದಿಲ್ಲ. ಹಾಲಿನ ಹಣ ಜಮೆಯಾಗುವ ಖಾತೆಯ ಓಟಿಪಿಯನ್ನು ಯಾರಿಗೂ ಹೇಳಬೇಡಿ.

ಕೊನೆಯದಾಗಿ ತಾಯಂದಿರಿಗೆ

ಮೊದಲ ವರ್ಷ ಸಿಗದಿದ್ದರೆ ಮರುವರ್ಷ ಮತ್ತೆ ಅರ್ಜಿ ಹಾಕಬಹುದು. ಆ ಒಂದು ವರ್ಷದಲ್ಲೇ ಮನೆಯಲ್ಲಿ ಮದುವೆ ಮಾತು ಏಳುತ್ತದೆ, "ಹೋದವಳು ಬರುತ್ತಾಳೋ ಇಲ್ಲವೋ" ಎಂದು ಓಣಿಯವರೂ ಕೇಳುತ್ತಾರೆ. ಚೀವ್ನಿಂಗ್, ಫುಲ್‌ಬ್ರೈಟ್‌ನಂಥ ವೇತನಗಳಲ್ಲಿ ಓದು ಮುಗಿದ ಮೇಲೆ ಸ್ವದೇಶಕ್ಕೆ ಮರಳಬೇಕೆಂಬ ಷರತ್ತೇ ಇದೆ ಎಂದು ಅವರಿಗೆ ಹೇಳಿರಿ. ಅರ್ಜಿಯನ್ನು ಮಗಳು ಬರೆಯುತ್ತಾಳೆ. ಆ ವರ್ಷ ಅವಳಿಗೆ ಬೇಕಾದ ಬಿಡುವನ್ನು ಮನೆಯಲ್ಲಿ ಗಟ್ಟಿಯಾಗಿ ಕೇಳಿ ಕೊಡಿಸುವವರು ನೀವೇ. ಈ ವಾರವೇ ಅವಳ ಅಂಕಪಟ್ಟಿ ಮತ್ತು ಆಧಾರ್ ಕಾರ್ಡನ್ನು ಪಕ್ಕಪಕ್ಕದಲ್ಲಿಟ್ಟು, ಹೆಸರು ಒಂದೇ ಇದೆಯೇ ನೋಡಿರಿ. ಕೆಲಸ ಅಲ್ಲಿಂದ ಶುರುವಾಗಲಿ.